ಹೋಲ್ಡ್‌ನಲ್ಲಿ ಕೇಳಿದ್ದು

ಕೊಟ್ಟ ದುಡ್ಡಿಗೆ ತಕ್ಕದ್ದು ಸಿಕ್ಕಿತೋ, ಇಲ್ಲ ಅಂಗಡಿಯವನು ನಗುನಗುತ್ತಲೇ ಟೋಪಿ ಹಾಕಿದನೋ ಎಂಬುದನ್ನು ಇವತ್ತಾದರೂ ತೀರ್ಮಾನಿಸಿಬಿಡಬೇಕು ಎಂದುಕೊಂಡು ಅವನು ಬ್ರೆಡ್ಡಿನ ಮೇಲೆ ಬೆಣ್ಣೆಯನ್ನು ಅಂಚಿನಿಂದ ಅಂಚಿಗೆ ಸವರತೊಡಗಿದ. ತೀರ್ಮಾನಕ್ಕೆ ಯಾರೂ ಕಾದು ಕೂತಿರಲಿಲ್ಲ. ಹಾಡು ಕೇಳಲು ಕಿವಿಯೊಳಗೆ ಕೂರುವ ಎರಡು ಸಣ್ಣ ಬಿಳಿ ಗುಂಡುಗಳಿಗೆ ಅಷ್ಟು ಕೊಡಬೇಕಿತ್ತೇ ಎಂದು ಹೆಂಡತಿ ಒಮ್ಮೆಯೂ ಕೇಳಿರಲಿಲ್ಲ. ಕೇಳಿದ್ದರೆ ಹೇಳಲು ಅವನ ಬಳಿ ಉತ್ತರ ಸಿದ್ಧವಿತ್ತು. ನಾನು ದಿನವಿಡೀ ಕಿವಿಯಿಂದಲೇ ದುಡಿಯುವವನು, ಬಡಗಿ ಒಳ್ಳೆಯ ಉಳಿ ಕೊಂಡರೆ ಯಾರಾದರೂ ದುಂದು ಅನ್ನುತ್ತಾರೆಯೇ ಎಂದು ಶುರುವಾಗಿ, ನಡುವೆ ಸ್ವಲ್ಪ ನೊಂದ ದನಿ ಬೆರೆತು, ಮುಂದಿನ ವರ್ಷ ಖಂಡಿತ ಹೊಸ ಹಾಸಿಗೆ ತರೋಣ ಎಂದು ಮುಗಿಯುವ ಉತ್ತರ. ಅವಳು ಕೇಳಲಿಲ್ಲ, ಉತ್ತರ ಒಳಗೇ ಹಳಸಿತು. ಪೆಟ್ಟಿಗೆ ಬಿಚ್ಚಿದ ದಿನ ಅವಳು ಅಂದದ್ದು ಇಷ್ಟೇ: "ಚೆನ್ನಾಗಿದೆ. ಹಲ್ಲಿನ ಥರ ಇದೆ." ಅವಳು ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುವವಳು, ಬಿಳಿಯಾಗಿ ನುಣುಪಾಗಿ ಇರುವುದೆಲ್ಲ ಅವಳಿಗೆ ಹಲ್ಲೇ. ಅದು ಹೊಗಳಿಕೆಯೋ ಅಲ್ಲವೋ ಅವನಿಗೆ ಇನ್ನೂ ಗೊತ್ತಾಗಿರಲಿಲ್ಲ.

ಬೆನ್ನ ಹಿಂದೆ, ಊಟದ ಮೇಜಿನ ಹತ್ತಿರ ಕೂತು ಅವಳು ತನ್ನ ಅಕ್ಕನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು.

"ಇಲ್ಲೇ ಇದ್ದಾರಕ್ಕ. ಕಿವಿಗೆ ಹಾಕ್ಕೊಂಡಿದ್ದಾರೆ. ಅಯ್ಯೋ, ಏನೂ ಕೇಳಿಸಲ್ಲ ಬಿಡು. ಸೂರು ಹಾರಿಹೋದ್ರೂ ತಿರುಗಿ ನೋಡಲ್ಲ."

ಅವನು ತಿರುಗಿ ನೋಡಲಿಲ್ಲ. ಅವಳ ಪ್ರತಿಯೊಂದು ಮಾತೂ, ಮಾತುಗಳ ನಡುವೆ ಅವಳು ಚಹಾ ಗುಟುಕರಿಸಿದ್ದೂ, ಉಂಗುರ ಲೋಟಕ್ಕೆ ತಾಗಿದ್ದೂ ಬರಿಗಿವಿಗೆ ಕೇಳುವುದಕ್ಕಿಂತ ಸ್ಫುಟವಾಗಿ ಕೇಳಿಸುತ್ತಿದ್ದವು. ದುಬಾರಿ ಮಾಲಿನ ಹೆಚ್ಚುಗಾರಿಕೆಯೇ ಅದು. ಹೊರಗಿನ ಗದ್ದಲವನ್ನು ಒರೆಸಿಹಾಕುವುದು ಅದರ ಒಂದು ಗುಣ. ಎಡಗಡೆಯದನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಅದೇ ಹೊರಗಿನ ಸದ್ದನ್ನು ಸೋಸಿ, ತೊಳೆದು ಒಳಗೆ ಬಿಡುವುದು ಇನ್ನೊಂದು. "ರಸ್ತೆ ದಾಟುವಾಗ ಬೇಕಾಗುತ್ತೆ ಸಾರ್, ಸೇಫ್ಟಿಗೆ" ಎಂದಿದ್ದ ಅಂಗಡಿಯವನು. ಅದಕ್ಕೂ ಮೊದಲು ಅವನ ಕಿವಿಯನ್ನು ಬಗ್ಗಿ ನೋಡಿ, ಅಂಗಡಿಗೆಲ್ಲ ಕೇಳುವ ಹಾಗೆ, "ಸಾರ್ ಕಿವಿ ತುಂಬಾ ಚಿಕ್ಕದು, ಎಲ್ಲಕ್ಕಿಂತ ಸಣ್ಣ ರಬ್ಬರ್ ಕೊಡಮ್ಮಾ" ಎಂದು ಸಹಾಯಕಿಗೆ ಕೂಗಿದ್ದ. ಪಕ್ಕದಲ್ಲಿ ಫೋನಿನ ಕವರು ಆರಿಸುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿ ಅವನ ಕಿವಿ ನೋಡಿದಳು. ನಲವತ್ತು ದಾಟಿದ ಗಂಡಸಿಗೆ ಹಾಗಂದ ಮೇಲೆ ಆ ಅಂಗಡಿಯಲ್ಲಿ ಅಗ್ಗದ್ದನ್ನು ಕೊಳ್ಳುವ ಮಾತೇ ಇರಲಿಲ್ಲ. ಎಲ್ಲಕ್ಕಿಂತ ಮೇಲಿನದನ್ನೇ ಕೊಡಿ ಎಂದ ತನ್ನ ದನಿ ಅವನಿಗೇ ಬೇರೆಯವರದ್ದು ಅನ್ನಿಸಿತ್ತು.

ಮೊದಲ ಸಲ ಕೇಳಿಸಿದ್ದು ನಿಜಕ್ಕೂ ಆಕಸ್ಮಿಕ. ಬೀದಿಯಿಂದ ಬಂದವನು ಹೊರಗಿನ ಸದ್ದು ಒಳಬಿಡುವ ಬಗೆಯನ್ನು ಬದಲಿಸಲು ಮರೆತಿದ್ದ, ಹಾಡು ಮುಗಿದಿತ್ತು, ಪಾತ್ರೆ ಒರೆಸುತ್ತಿದ್ದ. ಅವಳು ಅಕ್ಕನಿಗೆ, "ಮಲಗಿದಾಗ ಮುಷ್ಟಿ ಬಿಗಿ ಹಿಡ್ಕೊಂಡಿರ್ತಾರಕ್ಕ, ಯಾರೋ ಏನೋ ಕಿತ್ಕೊಂಡು ಹೋಗ್ತಾರೆ ಅನ್ನೋ ಹಾಗೆ. ನೋಡಿದ್ರೆ ಪಾಪ ಅನ್ಸುತ್ತೆ" ಎಂದಳು. ಅವನ ಕೈಯಲ್ಲಿದ್ದ ತಟ್ಟೆ ಹಾಗೇ ನಿಂತಿತು. ಇಷ್ಟು ವರ್ಷ ಜೊತೆಗಿದ್ದು ಅವಳು ಅವನಿಗೆ ಹೇಳದೇ ಇದ್ದದ್ದು. ಅವನಿಗೆ ತನ್ನ ಬಗ್ಗೆಯೇ ಗೊತ್ತಿಲ್ಲದ್ದು. ಆ ದಿನವೆಲ್ಲ ಅವನು ಯಾರೋ ಬೆನ್ನು ನೇವರಿಸಿದ ಹಾಗೆ ಓಡಾಡಿದ. ಮಾರನೆಯ ಬೆಳಗ್ಗೆಯದು ಮರೆವಲ್ಲ. ಎಡಗಡೆಯದನ್ನು ಬೇಕೆಂದೇ ಒತ್ತಿ ಹಿಡಿದ, ಸಣ್ಣಗೆ ಟಿಣ್ ಎಂದಿತು, ಆ ಟಿಣ್ ತನಗಲ್ಲದೆ ಬೇರಾರಿಗೂ ಕೇಳಿಸುವುದಿಲ್ಲ ಎಂಬುದನ್ನು ಖಚಿತಪಡಿಸಿಕೊಂಡ, ಬೆನ್ನು ತಿರುಗಿಸಿ ನಿಂತ. ಆಮೇಲೆ ಅದು ದಿನಚರಿಯಾಯಿತು. ನೀಲಿ ಶರ್ಟು ಅವನಿಗೆ ಒಪ್ಪುತ್ತದೆ ಎಂದು ಅಕ್ಕನಿಗೆ ಹೇಳಿದಳು; ಎರಡು ದಿನ ಬಿಟ್ಟು, ಅನುಮಾನ ಬಾರದಿರಲೆಂದು ಎರಡು ದಿನ ಬಿಟ್ಟು, ನೀಲಿ ಶರ್ಟು ಹಾಕಿದ, ಅವಳು ಏನನ್ನೋ ಕಾಯುವವಳ ಹಾಗೆ ನೋಡಿದಳು. ನೆಂಟರು ಬಂದಾಗಲೆಲ್ಲ ಅವನು ಹೇಳುವ ಒಂದು ಜೋಕು ಕೇಳಿ ಕೇಳಿ ಸಾಕಾಗಿದೆ ಎಂದಳು; ಆ ಜೋಕನ್ನು ಕೈಬಿಟ್ಟ. ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕ ಹುಡುಗನ ಹಾಗೆ ಒಳ್ಳೆಯ ಗಂಡನಾಗತೊಡಗಿದ್ದ. ಇದಕ್ಕೆ ಜಾಣಕಿವುಡು ಎನ್ನಬಹುದು; ಆದರೆ ಜಾಣಕಿವುಡರು ಮುಖದಲ್ಲಿ ನಟಿಸಬೇಕಾಗುತ್ತದೆ, ಅವನಿಗೆ ಆ ಕಷ್ಟವೂ ಇರಲಿಲ್ಲ. ನಟನೆಯನ್ನೆಲ್ಲ ಆ ಬಿಳಿ ಗುಂಡುಗಳೇ ಮಾಡುತ್ತಿದ್ದವು.

"ಡಾಕ್ಟ್ರಿಗೆ ಇವತ್ತು ಸಾಯಂಕಾಲದೊಳಗೆ ಹೇಳ್ಲೇಬೇಕಂತೆ. ಹೂಂ ಇಲ್ಲ ಊಹೂಂ" ಎನ್ನುತ್ತಿದ್ದಳು ಈಗ.

ಡಾಕ್ಟ್ರು ಎಂದರೆ ಅವಳ ಲ್ಯಾಬಿನ ಒಡೆಯ, ಹಲ್ಲಿನ ವೈದ್ಯ. ಅಕ್ಕನ ಊರಿನಲ್ಲಿ ಹೊಸ ಲ್ಯಾಬ್ ತೆರೆಯುತ್ತಿದ್ದ, ಅದನ್ನು ಪೂರ್ತಿ ನೋಡಿಕೊಳ್ಳಲು ಇವಳನ್ನು ಕೇಳಿದ್ದ. ಇದು ಅವನಿಗೆ ಬಿಡಿಬಿಡಿಯಾಗಿ, ಬೆಳಗ್ಗೆ ಬೆಳಗ್ಗೆ, ಬೆನ್ನ ಮೂಲಕ ತಿಳಿದ ವಿಷಯ. ಎದುರಿಗೆ ಕೂತು ಅವಳು ಏನೂ ಹೇಳಿರಲಿಲ್ಲ. ಆ ಊರು ದಿನಾ ಹೋಗಿಬರುವಷ್ಟು ಹತ್ತಿರದ್ದಲ್ಲ.

"ಅವರನ್ನ ಕೇಳೋದಾ? ಇಲ್ಲಕ್ಕ, ನಾನಾಗಿ ಕೇಳಲ್ಲ. ನಂಗೆ ಬೇಕಾಗಿರೋದು ಪರ್ಮಿಷನ್ ಅಲ್ಲ. ತಾನಾಗೇ ಬಂದು ಒಂದು ಮಾತು ಅನ್ಲಿ. ಹೋಗು ಅಂದ್ರೂ ಸರಿ, ಬೇಡ ಅಂದ್ರೂ ಸರಿ. ಹೋಗು ಅಂದ್ರೆ ನಿಮ್ಮ ಬೀದೀಲಿ ಒಂದು ರೂಮು ಸಾಕು, ಶನಿವಾರ ಶನಿವಾರ ಬಸ್ ಹತ್ತಿ ಇಲ್ಲಿಗೆ ಬಂದ್ಬಿಡ್ತೀನಿ. ಬೇಡ ಅಂದ್ರೆ ಜಗಳ ಆಡ್ತೀನಿ. ಜಗಳ ಆಡಿ ಎಷ್ಟು ಕಾಲ ಆಯ್ತು ಗೊತ್ತಾ? ಆಸೆಯಾಗುತ್ತೆ." ಅಕ್ಕ ಅತ್ತಲಿಂದ ಏನೋ ಕೇಳಿರಬೇಕು. ಇವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಏನೂ ಅನ್ನದಿದ್ರಾ? ಹಂಗಾದ್ರೆ ರೂಮಲ್ಲ, ಮನೇನೇ ನೋಡ್ಬಿಡು. ನನ್ನ ಸಾಮಾನೆಲ್ಲ ಹಿಡಿಸೋ ಅಂಥದ್ದು."

ಬ್ರೆಡ್ಡಿಗೆ ಬೆಣ್ಣೆ ಹೆಚ್ಚಾಗಿತ್ತು. ಹೆಚ್ಚಾದದ್ದನ್ನು ಚಾಕುವಿನಿಂದ ತೆಗೆದು ಇನ್ನೊಂದು ತುಂಡಿಗೆ ಸವರಿದ. ಮೊದಲು ಹೊಳೆದದ್ದು ಅವಳ ಮಾತಿನಲ್ಲಿದ್ದ ತರ್ಕದೋಷ. ಹೇಳದೇ ಇರುವ ವಿಷಯಕ್ಕೆ ಗಂಡನಾದವನು ತಾನಾಗಿ ಬಂದು ಮಾತಾಡುವುದು ಹೇಗೆ? ಈ ಹೆಂಗಸರ ಲೆಕ್ಕಾಚಾರವೇ ಹೀಗೆ ಎಂದು ಒಳಗೊಳಗೇ ನಕ್ಕ ಕೂಡ. ಆಮೇಲೆ ಹೊಳೆದದ್ದು, ಅವಳ ದನಿ ಚೆನ್ನಾಗಿತ್ತು ಎನ್ನುವುದು. ತಡವರಿಕೆ ಇಲ್ಲ, ಮಾತು ನುಂಗಿದ್ದಿಲ್ಲ, ಕೊನೆಯ ವಾಕ್ಯಕ್ಕೆ ಮೊದಲಿನ ಮೌನ ಸ್ವಲ್ಪ ಉದ್ದವಾದರೂ ಮಿತಿಯೊಳಗೇ ಇತ್ತು. ಆಫೀಸಿನಲ್ಲಿ ಹಾಕುವ ಹಾಗೆ ಅಂಕ ಹಾಕುತ್ತಿದ್ದೇನೆ ಎಂದು ಗೊತ್ತಾದಾಗ ಚಾಕು ಕೆಳಗಿಟ್ಟ. ಅವಳು ಎದ್ದು ಬಂದು ಭುಜ ತಟ್ಟಿದಳು. ಅವನು ಬೆಚ್ಚಿದವನ ಹಾಗೆ ಬಲಗಿವಿಯದನ್ನು ತೆಗೆದು, "ಏನಾದ್ರೂ ಅಂದ್ಯಾ?" ಎಂದ.

"ಇಲ್ಲ," ಎಂದಳು. "ಬೆಣ್ಣೆ ಮುಗೀತು, ಬರ್ತಾ ತನ್ನಿ."

ಬಸ್ಸಿನಲ್ಲಿ ಅವನು ಸದ್ದು ಅಳಿಸುವ ಬಗೆಗೆ ಬದಲಾಯಿಸಿದ. ಇಂಜಿನ್ನು ಸತ್ತಿತು, ಎದುರು ಸೀಟಿನ ಮುದುಕನ ಕೆಮ್ಮು ಬರೀ ಭುಜದ ಕುಲುಕಾಟವಾಯಿತು, ಕಂಡಕ್ಟರ್ ಬಾಯಿ ತೆರೆದು ಮುಚ್ಚಿದ. ಇದಕ್ಕೇ ಅಷ್ಟು ಕೊಟ್ಟದ್ದಲ್ಲವೇ. ಮೊದಲ ವಾರ ಈ ನಿಶ್ಶಬ್ದಕ್ಕೆ ಅವನು ಮರುಳಾಗಿದ್ದ. ಶುದ್ಧವಾಗಿ ಒಗೆದು ಇಸ್ತ್ರಿ ಮಾಡಿದ ನಿಶ್ಶಬ್ದ. ಇವತ್ತು ಅದರೊಳಗೆ ಅವಳ "ಆಸೆಯಾಗುತ್ತೆ" ಸುತ್ತುತ್ತಿತ್ತು, ಅಡ್ಡ ಬರಲು ಬೇರೆ ಸದ್ದೇ ಇಲ್ಲದ್ದರಿಂದ ಇನ್ನೂ ಜೋರಾಗಿ. ಅಗ್ಗದ್ದಾಗಿದ್ದರೆ ಇಂಜಿನ್ನಿನ ಗಡಗಡದಲ್ಲಿ ಮುಳುಗಿಹೋಗುತ್ತಿತ್ತು. ಬೇಡ ಎನ್ನಬೇಕು ಎಂದು ತನಗೆ ಅನ್ನಿಸುತ್ತಿದೆ ಎಂಬುದು ಅವನಿಗೆ ಎರಡನೆಯ ನಿಲ್ದಾಣದ ಹೊತ್ತಿಗೆ ಖಚಿತವಾಯಿತು, ನಾಚಿಕೆಯೂ ಆಯಿತು. ಹೆಂಡತಿಗೆ ಸಿಕ್ಕ ಒಳ್ಳೆಯ ಕೆಲಸಕ್ಕೆ ಕಲ್ಲು ಹಾಕುವ ಗಂಡ. ಹೋಗು ಎಂದರೆ ದೊಡ್ಡ ಮನಸ್ಸು, ಆದರೆ ಸುಳ್ಳು. ಎರಡರಲ್ಲಿ ಯಾವುದನ್ನು ಹೇಳಬೇಕೆಂದರೂ ಮೊದಲು ಇನ್ನೊಂದು ಮಾತು ಹೇಳಬೇಕಿತ್ತು: ಕೇಳಿಸಿತು ಎಂದು. ಇವತ್ತು ಕೇಳಿಸಿತು ಎಂದರೆ ನಿನ್ನೆಯೂ ಕೇಳಿಸಿತ್ತು ಎಂದಾಗುತ್ತದೆ. ನೀಲಿ ಶರ್ಟು, ಕೈಬಿಟ್ಟ ಜೋಕು, ಅವಳ ತಾಯಿ ಆಸ್ಪತ್ರೆಯಲ್ಲಿದ್ದಾಗ ಅವಳು ಬಾಯಿಬಿಟ್ಟು ಹೇಳುವ ಮೊದಲೇ ಅವನು ರಜೆ ಹಾಕಿ ಬಂದದ್ದು, "ನಿಮಗೆ ಹೇಗೆ ಗೊತ್ತಾಯ್ತು?" ಎಂದು ಅವಳು ಕಣ್ಣು ತುಂಬಿಕೊಂಡದ್ದು, "ಗೊತ್ತಾಗುತ್ತೆ" ಎಂದು ಇವನು ಗಂಭೀರವಾಗಿ ತಲೆಯಾಡಿಸಿದ್ದು, ಎಲ್ಲವನ್ನೂ ವಾಪಸು ಕೊಡಬೇಕಾಗುತ್ತದೆ. ಕಳ್ಳನಾಗಿ ಸಿಕ್ಕಿಬೀಳುವುದಕ್ಕಿಂತ ಒಳ್ಳೆಯವನೆಂಬ ಹೆಸರು ಕಳೆದುಕೊಳ್ಳುವುದು ಅವನಿಗೆ ಕಷ್ಟವಾಗಿ ಕಂಡಿತು.

ಅವನ ಆಫೀಸು ಫ್ರಿಜ್ಜು, ಬಟ್ಟೆ ಒಗೆಯುವ ಮೆಷೀನು ಮಾರುವ ಕಂಪನಿಯೊಂದರ ದೂರು ವಿಭಾಗ. ಒಂದು ಹಾಲಿನಲ್ಲಿ ನೂರಾರು ಜನ ಫೋನು ಎತ್ತುತ್ತಾರೆ. ಗಾಜಿನ ಗೋಡೆಯ ಇತ್ತ ಅವನೂ ಇನ್ನೊಬ್ಬನೂ ಆ ಮಾತುಕತೆಯ ರೆಕಾರ್ಡುಗಳನ್ನು ಕೇಳಿ ಅಂಕ ಹಾಕುತ್ತಾರೆ. ನಮಸ್ಕಾರ ಹೇಳಿದರೇ, ಗಿರಾಕಿಯ ಹೆಸರು ಹಿಡಿದು ಮಾತಾಡಿದರೇ, ನಡುವೆ ಸುಮ್ಮನಾದರೇ. ಸುಮ್ಮನಾಗುವುದು ದೊಡ್ಡ ತಪ್ಪು. ಏನೂ ಹೇಳಲು ತೋಚದಿದ್ದರೆ "ಪರಿಶೀಲಿಸುತ್ತಿದ್ದೇನೆ" ಎನ್ನಬೇಕು. ಮೌನಕ್ಕೆ ಅಂಕ ಕಡಿಯುವುದರಲ್ಲಿ ಅವನದು ನಿಷ್ಠುರ ಕೈ ಎಂದು ಹಾಲಿನಲ್ಲೆಲ್ಲ ಹೆಸರು. ಇಷ್ಟು ವರ್ಷಗಳಲ್ಲಿ ಅವನು ಸಾವಿರಾರು ಜನರ ಸಿಟ್ಟು, ಗೋಳು, ಬೇಡಿಕೆ ಕೇಳಿದ್ದ. ಒಂದಕ್ಕೂ ಉತ್ತರ ಕೊಡಬೇಕಾಗಿರಲಿಲ್ಲ. ಎಲ್ಲ ಆಗಿಹೋದ ಮಾತು. ಕೇಳುವುದೆಂದರೆ ಅವನಿಗೆ ಹಾಗೇ ಅಭ್ಯಾಸವಾಗಿತ್ತು.

"ಬಂದ್ಯಾ, ಬಂಗಾರದ ಗೋಡಂಬಿ ಸಿಗಿಸ್ಕೊಂಡು?" ಎಂದ ಪಕ್ಕದ ಮೇಜಿನವನು. ಹೂಂ ಎಂದರೂ ಊಹೂಂ ಎಂದರೂ ವಾದಕ್ಕಿಳಿಯುವುದರಿಂದ ಎಲ್ಲರೂ ಅವನನ್ನು ವಕೀಲ ಎಂದೇ ಕರೆಯುತ್ತಿದ್ದರು. "ನೋಡು, ನಂದು ಫುಟ್‌ಪಾತಿಂದು. ಒಂದು ಕಿವೀಲಿ ಹಾಡು, ಇನ್ನೊಂದು ಕಿವೀಲಿ ಪ್ರಪಂಚ."

"ಒಂದು ಕೆಟ್ಟಿದೆ ಅನ್ನು."

"ಕೆಟ್ಟಿಲ್ಲಪ್ಪಾ, ರಿಟೈರ್ ಆಗಿದೆ. ಈಗ ನೀನು ಹೇಳು, ಅಷ್ಟು ಸುರಿದು ನೀನು ಕೇಳಿಸ್ಕೊಂಡಿದ್ದೇನು, ನಂಗೆ ಕೇಳಿಸದೇ ಇರೋದು? ಒಂದೇ ಒಂದು ಉದಾಹರಣೆ ಕೊಡು, ನಾಳೇನೇ ಹೋಗಿ ತರ್ತೀನಿ."

ಅವನು ಉದಾಹರಣೆ ಕೊಡಲಿಲ್ಲ. "ಬ್ಯಾಟರಿ ಚೆನ್ನಾಗಿ ಬರುತ್ತೆ" ಎಂದ.

"ಬ್ಯಾಟರಿ! ಬ್ಯಾಟರಿ ಬೇಕಿದ್ರೆ ಟಾರ್ಚ್ ತಗೋಬಹುದಿತ್ತಲ್ಲೋ ಮಾರಾಯಾ."

ಮಧ್ಯಾಹ್ನದ ಹೊತ್ತಿಗೆ ಆ ರೆಕಾರ್ಡು ಬಂತು. ಫೋನು ಎತ್ತಿದವಳು ಹಾಲಿನ ಕೊನೆಯ ಸಾಲಿನಲ್ಲಿ ಕೂರುವ, ಎಲ್ಲರಿಗಿಂತ ಹಿರಿಯಳಾದ, ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಲ್ಲಿ ಹಾಕಿಕೊಳ್ಳುವ ಹೆಂಗಸು. ಅತ್ತ ಒಬ್ಬ ವಯಸ್ಸಾದ ಗಿರಾಕಿ, ಫ್ರಿಜ್ಜಿನ ರಿಪೇರಿ ಯೋಜನೆಯ ಬಗ್ಗೆ ವಿಚಾರಿಸುತ್ತಿದ್ದ. ಅವಳು ವಿವರಿಸಿ, ಒಂದು ನಿಮಿಷ ಕಾಯಿರಿ ಎಂದು ಹೋಲ್ಡ್‌ನಲ್ಲಿಟ್ಟಳು. ಹೋಲ್ಡ್‌ನಲ್ಲಿಟ್ಟಾಗ ಗಿರಾಕಿಗೆ ಸಂಗೀತ ಕೇಳಿಸುತ್ತದೆ. ಆದರೆ ಗಿರಾಕಿಯ ಕಡೆಯ ಸದ್ದು ಇತ್ತ ಬರುವುದು ನಿಲ್ಲುವುದಿಲ್ಲ. ಇದು ಹೊರಗಿನವರಿಗೆ ಗೊತ್ತಿಲ್ಲ. ಯಾರೂ ಕೇಳುತ್ತಿಲ್ಲ ಎಂದುಕೊಂಡು ಜನ ಆಗ ಮಾತಾಡುವ ಮಾತೇ ಬೇರೆ. ಬೈಯುತ್ತಾರೆ, ಅಳುತ್ತಾರೆ, ಒಬ್ಬಳು ಗುನುಗುತ್ತಿದ್ದಳು, ಒಬ್ಬ ತನ್ನ ನಾಯಿಯ ಹತ್ತಿರ ಕ್ಷಮೆ ಕೇಳುತ್ತಿದ್ದ. ಅದಕ್ಕೇ ಕೆಲಸಕ್ಕೆ ಸೇರಿದ ದಿನವೇ ಎಲ್ಲರಿಗೂ ಒಂದು ನಿಯಮ ಕಲಿಸುತ್ತಿದ್ದರು: ಹೋಲ್ಡ್‌ನಲ್ಲಿ ಕೇಳಿದ್ದು ಕೇಳಿದ್ದಲ್ಲ. ಅದಕ್ಕೆ ಉತ್ತರ ಕೊಡಕೂಡದು, ಅದನ್ನು ಎತ್ತಿ ಆಡಕೂಡದು, ಅಂಕ ಹಾಕುವವರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಕೂಡದು. ಸಭ್ಯತೆಯ ನಿಯಮ. ಅವನಿಗೆ ಆ ನಿಯಮದ ಮೇಲೆ ಪ್ರೀತಿಯಿತ್ತು. ಇತ್ತೀಚೆಗಂತೂ ಬೆಳಗಿನ ಅಡುಗೆಮನೆಯಲ್ಲಿ ನಿಂತು ಅವನು ಅದನ್ನು ಹಲವು ಬಾರಿ ತನಗೆ ತಾನೇ ಹೇಳಿಕೊಂಡಿದ್ದ. ಹೇಳಿಕೊಂಡಾಗಲೆಲ್ಲ ತಾನು ಮಾಡುತ್ತಿರುವುದು ಕದ್ದು ಕೇಳುವುದಲ್ಲ, ಒಂದು ಬಗೆಯ ಸಂಯಮ ಅನ್ನಿಸುತ್ತಿತ್ತು.

ರೆಕಾರ್ಡಿನಲ್ಲಿ ಮುದುಕನ ದನಿ, ಪಕ್ಕದಲ್ಲಿದ್ದ ಹೆಂಡತಿಗೆ: "ಏನು ಹೇಳ್ತಾಳೋ ಒಂದೂ ತಲೆಗೆ ಹೋಗ್ತಿಲ್ಲ ಕಣೇ. ಹೂಂ ಅಂದು ಇಟ್ಬಿಡ್ಲಾ?"

"ಇನ್ನೊಂದ್ಸಲ ಕೇಳಿ."

"ಆಗ್ಲೇ ಎರಡು ಸಲ ಕೇಳ್ದೆ. ಇನ್ನೂ ಕೇಳಿದ್ರೆ ಮುದುಕ್ರು ಅಂತ ನಗ್ತಾಳೆ."

ಸಂಗೀತ ನಿಂತಿತು. ಕನ್ನಡಕದ ಹೆಂಗಸು ಮರಳಿ ಬಂದಳು. ಅವಳು ಹೇಳಬೇಕಾಗಿದ್ದದ್ದು ಕಾದಿದ್ದಕ್ಕೆ ಧನ್ಯವಾದ ಎಂದು. ಹೇಳಿದ್ದು ಬೇರೆ: "ಯಜಮಾನ್ರೇ, ನೀವು ಅಮ್ಮನ ಹತ್ರ ಅಂದಿದ್ದು ನಂಗೆ ಕೇಳಿಸ್ಬಿಡ್ತು. ತಪ್ಪು ತಿಳ್ಕೋಬೇಡಿ. ನಗಲ್ಲ ನಾನು. ಮೊದಲಿಂದ ಹೇಳ್ತೀನಿ, ತಲೆಗೆ ಹೋಗೋವರೆಗೂ ಹೇಳ್ತೀನಿ. ಅಮ್ಮನ್ನೂ ಹತ್ರ ಕೂರಿಸ್ಕೊಳ್ಳಿ."

ಅತ್ತ ಮೌನ. ಅವನು ಅಭ್ಯಾಸಬಲದಿಂದ ಅದನ್ನು ಅಳೆಯತೊಡಗಿದ. ಆಮೇಲೆ ಇಬ್ಬರು ವಯಸ್ಸಾದವರು ಒಟ್ಟಿಗೆ ನಕ್ಕ ಸದ್ದು. "ಅಯ್ಯೋ ಕೇಳಿಸ್ಬಿಡ್ತಾ! ಲೇ, ಬಾರೇ ಇಲ್ಲಿ, ಇವ್ರಿಗೆ ಎಲ್ಲಾ ಕೇಳಿಸ್ಬಿಟ್ಟಿದೆ." ಆ ನಗು ನಿಲ್ಲದೆ ಸ್ವಲ್ಪ ದೂರ ಹೋಯಿತು. ಅವನು ಅಲ್ಲಿಗೆ ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ಕೇಳಿದ. ಮೂರನೆಯ ಸಲವೂ ಕೇಳಿದ. ಇಷ್ಟು ಸುಲಭವೇ? ಅವಳು ಗಂಟಲು ಸರಿಮಾಡಿಕೊಳ್ಳಲೂ ಇಲ್ಲ. ಬಾಗಿಲು ತೆರೆದಿತ್ತು, ಬಂದೆ ಎನ್ನುವ ಹಾಗೆ ಹೇಳಿದಳು.

"ಏನದು, ಲವ್ ಲೆಟರ್ ಓದಿದ ಹಾಗೆ ಕೇಳ್ತಿದ್ದೀಯ?" ವಕೀಲ ಒಂದು ಕಿವಿಯನ್ನು ಇತ್ತ ಚಾಚಿದ. ಕೇಳಿದ. "ಅಯ್ಯಯ್ಯೋ. ಹೋಲ್ಡ್‌ದು ಎತ್ತಿ ಆಡಿದ್ದಾಳೆ. ಸೊನ್ನೆ. ಯೋಚನೆ ಮಾಡೋ ಅಂಥದ್ದೇ ಇಲ್ಲ."

"ಗಿರಾಕಿಗೆ ಬೇಜಾರಾಗಿಲ್ಲ."

"ಬೇಜಾರಾಗಿದ್ರೆ? ಎಲ್ರೂ ಹೀಗೆ ಕೇಳಿಸ್ತು ಕೇಳಿಸ್ತು ಅಂತ ಶುರು ಮಾಡಿದ್ರೆ ಜನ ಕಂಪನಿಗೆ ಫೋನ್ ಮಾಡ್ತಾರೇನಯ್ಯಾ?"

ಅವನು ಸೊನ್ನೆ ಹಾಕಿದ. ಹಾಕಿದಾಗ ಒಂದು ಬಗೆಯ ನೆಮ್ಮದಿಯಾಯಿತು, ಆ ನೆಮ್ಮದಿಯಿಂದಲೇ ಹೆದರಿಕೆಯಾಯಿತು. ಸೊನ್ನೆ ಬಿದ್ದವರು ಬಂದು ಕಾರಣ ಕೇಳಬಹುದು. ಅವಳು ಬಂದಳು. ಕನ್ನಡಕ ಏರಿಸಿ ಪರದೆ ನೋಡಿ, "ಓ, ಅದಾ" ಎಂದಳು.

"ನಿಯಮ ನಿಮಗೆ ಗೊತ್ತಿದೆ ಅಲ್ವಾ ಮೇಡಂ?"

"ಗೊತ್ತು ಸಾರ್. ಬಾಯಿ ತಡೀಲಿಲ್ಲ. ಕೇಳಿಸ್ತಾ ಇರೋವಾಗ ಕೇಳಿಸಿಲ್ಲ ಅಂತ ಕೂತ್ರೆ ನಂಗೆ ಕೆಮ್ಮು ಬರುತ್ತೆ." ಅವಳು ನಕ್ಕಳು, ಅವನ ಮುಖ ನೋಡಿ ನಗು ಕಡಿಮೆ ಮಾಡಿದಳು. "ಪರವಾಗಿಲ್ಲ, ಹಾಕಿ ಸಾರ್. ನೀವಾದ್ರೂ ಏನ್ ಮಾಡ್ತೀರಿ."

ಅವಳು ಜಗಳವಾಡಿದ್ದರೆ ಚೆನ್ನಾಗಿತ್ತು. ನೀವಾದ್ರೂ ಏನ್ ಮಾಡ್ತೀರಿ ಎನ್ನುವ ಮಾತಿನಲ್ಲಿ ಮರುಕವಿತ್ತು. ಅದು ಅಂಗಡಿಯಲ್ಲಿ ಅವನ ಕಿವಿ ನೋಡಿದ ಹೆಂಗಸಿನ ಕಣ್ಣಿನಲ್ಲಿದ್ದದ್ದೇ ಎಂದು ಅವನಿಗೆ ತೋರಿತು. ಅವಳು ತನ್ನ ಸಾಲಿಗೆ ಹೋಗಿ ಕೂತು, ಫೋನೆತ್ತಿ, ಯಾರಿಗೋ ಅದೇ ಹಗುರ ದನಿಯಲ್ಲಿ ನಮಸ್ಕಾರ ಹೇಳುವುದು ಗಾಜಿನಾಚೆ ಕಂಡಿತು.

ಮರಳುವ ಬಸ್ಸಿನಲ್ಲಿ ಅವನು ಬಾಯಿಪಾಠ ಮಾಡಿದ. ಕೇಳಿಸಿತು. ತಪ್ಪು ತಿಳ್ಕೋಬೇಡ. ಬೇಡ, ಹೋಗಬೇಡ. ಇಲ್ಲ, ಮೊದಲೇ ಬೇಡ ಎಂದರೆ ಬಿರುಸಾಗುತ್ತದೆ. ಮೊದಲು ನಗಬೇಕು, ಕಳ್ಳ ಸಿಕ್ಕಿಬಿದ್ದ ಹಾಗೆ ತಲೆ ಕೆರೆದುಕೊಳ್ಳಬೇಕು, ಈ ಸುಡುಗಾಡು ಮೆಷೀನು ನೋಡು ಎಂದು ಅದರ ಮೇಲೆ ಹಾಕಬೇಕು. ಅವಳು ರೇಗುತ್ತಾಳೆ. ರೇಗಲಿ. ಅವಳಿಗೆ ಜಗಳ ಬೇಕಂತೆ, ಇದಕ್ಕಿಂತ ಒಳ್ಳೆಯ ಜಗಳ ಎಲ್ಲಿ ಸಿಗುತ್ತದೆ. ಹಾಗೆ ಯೋಚಿಸುತ್ತಾ ಅವನಿಗೆ ಖುಷಿಯೇ ಆಯಿತು. ಎರಡು ನಿಲ್ದಾಣ ಮೊದಲೇ ಇಳಿದು ನಡೆದ. ಬೆಣ್ಣೆ ಕೊಂಡ. ದುಬಾರಿಯದನ್ನೇ ಕೊಂಡ.

ಹೆಂಡತಿ ಬೇಗ ಬಂದಿದ್ದಳು. ಕಿಟಕಿಯ ಬೆಳಕಿನ ಹತ್ತಿರ ಮೇಜು ಎಳೆದುಕೊಂಡು, ಗುಲಾಬಿ ಮೇಣದ ಒಸಡಿಗೆ ಹಲ್ಲುಗಳನ್ನು ಒಂದೊಂದಾಗಿ ಕೂರಿಸುತ್ತಿದ್ದಳು. ನಾಳೆ ಯಾರದೋ ಬಾಯಿಗೆ ಹೋಗುವ ಸಾಲು. ಅವನು ಬೆಣ್ಣೆಯನ್ನು ಮೇಜಿನ ಮೇಲಿಟ್ಟು, ಕಿವಿಯಿಂದ ಎರಡನ್ನೂ ತೆಗೆದು ಬೆಣ್ಣೆಯ ಪಕ್ಕದಲ್ಲಿಟ್ಟು, ಕುರ್ಚಿ ಎಳೆದುಕೊಂಡು ಕೂತ. ಗಂಟಲು ಸರಿಮಾಡಿಕೊಂಡ. ಅವಳು ಕೈಯಲ್ಲಿದ್ದ, ಮೇಣ ತಿದ್ದುವ ಸಲಾಕೆ ಕೆಳಗಿಟ್ಟು, ಎಡಗಿವಿಯ ಗುಂಡನ್ನು ಎತ್ತಿಕೊಂಡು ಬೆಳಕಿಗೆ ಹಿಡಿದಳು.

"ಇದನ್ನ ಸ್ವಲ್ಪ ಹೊತ್ತು ಒತ್ತಿ ಹಿಡಿದ್ರೆ ಹೊರಗಿನ ಸದ್ದೆಲ್ಲ ಒಳಗೆ ಬರುತ್ತೆ," ಎಂದಳು.

"ಏನು?"

"ನೀವು ತಂದ ಮಾರನೇ ದಿನಾನೇ ಹಾಕ್ಕೊಂಡು ನೋಡಿದ್ದೆ. ನೀವು ಸ್ನಾನಕ್ಕೆ ಹೋಗಿದ್ರಿ. ಬಚ್ಚಲಲ್ಲಿ ನೀವು ಗುನುಗ್ತಿದ್ದಿದ್ದು ಇಲ್ಲಿಗೆ ಕೇಳಿಸ್ತು." ಅವಳು ಗುಂಡನ್ನು ಅವನ ಮುಂದೆ ಇಟ್ಟಳು. ಮುಖದಲ್ಲಿ ಸಿಟ್ಟಿರಲಿಲ್ಲ, ನೀಲಿ ಶರ್ಟು ಹಾಕಿದ ದಿನ ನೋಡಿದ್ದಳಲ್ಲ, ಹಾಗೆ ನೋಡುತ್ತಿದ್ದಳು. "ನಿಮಗೆ ಗೊತ್ತಿತ್ತಾ?"

ಅಂದರೆ ಮೊದಲಿಂದಲೂ. ಮನೆಗೆ ಬಾಲ್ಕನಿ ಇತ್ತು, ಮಲಗುವ ಕೋಣೆ ಇತ್ತು, ಅವನು ಮನೆಯಲ್ಲಿಲ್ಲದ ಹೊತ್ತು ಎಷ್ಟೋ ಇತ್ತು. ಅವಳು ಅಕ್ಕನಿಗೆ ಫೋನು ಮಾಡಿದ್ದೆಲ್ಲ ಇವನ ಬೆನ್ನ ಹಿಂದೆ ಕೂತೇ. ಏನೂ ಕೇಳಿಸಲ್ಲ ಬಿಡು ಎಂದು ದಿನವೂ ಹೇಳುತ್ತಿದ್ದದ್ದು ಅಕ್ಕನಿಗಲ್ಲ. ಹೇಳದ ವಿಷಯಕ್ಕೆ ಉತ್ತರ ಬೇಕೆನ್ನುವ ತರ್ಕದೋಷ ಎಂದು ಬೆಳಗ್ಗೆ ನಕ್ಕದ್ದು ನೆನಪಾಗಿ ಅವನ ಕಿವಿಯ ತುದಿ ಸುಟ್ಟಿತು. ಅವಳು ಹೇಳಿದ್ದಳು. ದಿನವೂ ಹೇಳಿದ್ದಳು, ಅವನು ಕೇಳಬಲ್ಲ ಏಕೈಕ ರೀತಿಯಲ್ಲಿ. ಎದುರಿಗೆ ಕೂತರೆ ಮಾತು ನುಂಗುವವನಿಗೆ ಬೆನ್ನಿಗೆ ಹೇಳಿದ್ದಳು. ಅವನು ಅದನ್ನು ಆಗಿಹೋದ ಮಾತಿನ ಹಾಗೆ, ರೆಕಾರ್ಡಿನ ಹಾಗೆ ಕೇಳಿ, ದನಿಗೆ ಅಂಕ ಹಾಕಿ, ಬ್ರೆಡ್ಡು ತಿಂದು ಬಸ್ಸು ಹತ್ತಿದ್ದ. ಅವಳು ಲೈನಿನಲ್ಲೇ ಇದ್ದಳು. ಈಗಲೂ ಇದ್ದಾಳೆ. ಒಂದೇ ಮಾತು ಸಾಕು, ಗೊತ್ತಿತ್ತು ಎನ್ನುವುದು. ಕನ್ನಡಕದ ಹೆಂಗಸಾಗಿದ್ದರೆ ಇಷ್ಟು ಹೊತ್ತಿಗೆ ಅದನ್ನು ಹೇಳಿ, ನಕ್ಕು, ಚಹಾಕ್ಕೆ ನೀರಿಟ್ಟಿರುತ್ತಿದ್ದಳು. ಬಸ್ಸಿನಲ್ಲಿ ಮಾಡಿದ ಬಾಯಿಪಾಠ ನಾಲಿಗೆಯ ಮೇಲೆಯೇ ಇತ್ತು. ಆದರೆ ಅದು ಏನೂ ತಿಳಿಯದ ಹೆಂಡತಿಗೆಂದು ಕಟ್ಟಿದ ಮಾತು. ತಾನು ತಪ್ಪೊಪ್ಪಿಕೊಂಡು ದೊಡ್ಡವನಾಗುವ ಮಾತು. ಎಲ್ಲ ಬಲ್ಲವಳ ಮುಂದೆ ಅದಕ್ಕೆ ಕಾಸಿನ ಬೆಲೆಯಿರಲಿಲ್ಲ. ನೋಡುತ್ತಾ ಕೂತವಳು ಇಷ್ಟು ದಿನ ತನ್ನ ಬೆನ್ನನ್ನು ಹೇಗೆ ನೋಡಿದ್ದಿರಬಹುದು ಎಂದು ಊಹಿಸಿದ. ಬೆಣ್ಣೆ ಸವರುತ್ತಾ, ತಟ್ಟೆ ಒರೆಸುತ್ತಾ, ಹಿಗ್ಗುತ್ತಾ ಕುಗ್ಗುತ್ತಾ ಇದ್ದ ಒಂದು ಬೆನ್ನು. ಮೈಯೆಲ್ಲ ಬೆತ್ತಲಾದ ಹಾಗಾಯಿತು. ಆಗ ಸಿಕ್ಕಿದ ಬಟ್ಟೆಯನ್ನು ಎಳೆದುಕೊಂಡ.

"ಹೌದಾ?" ಎಂದ. "ಹಾಗೂ ಬರುತ್ತಾ ಇದ್ರಲ್ಲಿ?"

ದನಿ ಚೆನ್ನಾಗಿ ಬಂತು. ಸಹಜವಾದ ಅಚ್ಚರಿ, ಸ್ವಲ್ಪ ಕುತೂಹಲ. ಅವಳು ಇನ್ನೂ ಒಂದಿಷ್ಟು ಹೊತ್ತು ಅವನನ್ನೇ ನೋಡಿದಳು. ಆಮೇಲೆ ಮೇಣದ ಒಸಡನ್ನು ತಿರುಗಿಸಿ, ಸರಿಯಾಗಿಯೇ ಕೂತಿದ್ದ ಒಂದು ಹಲ್ಲನ್ನು ಹೆಬ್ಬೆರಳಿನಿಂದ ಒತ್ತಿದಳು.

"ಬರುತ್ತೆ," ಎಂದಳು. "ಇಷ್ಟು ದುಡ್ಡು ಕೊಟ್ಟು ಅದನ್ನೂ ನೋಡ್ಲಿಲ್ವಾ ನೀವು?"

"ನಂಗೆಲ್ಲಿ ಪುರುಸೊತ್ತು."

"ಅದೂ ಸರಿ." ಅವಳು ಕೈ ಒರೆಸಿಕೊಂಡಳು. "ಒಂದು ವಿಷಯ ಹೇಳ್ಬೇಕಿತ್ತು. ಅಕ್ಕನ ಊರಲ್ಲಿ ಡಾಕ್ಟ್ರು ಹೊಸ ಲ್ಯಾಬ್ ತೆಗೀತಿದ್ದಾರೆ. ನಂಗೆ ಅಲ್ಲಿಗೆ ಬಂದು ನೋಡ್ಕೋ ಅಂದಿದ್ದಾರೆ."

ಅವನು ಹುಬ್ಬೇರಿಸಿದ. ಒಳ್ಳೆಯ ಸುದ್ದಿ ಎಂದ. ಯಾವಾಗಿನಿಂದ ಎಂದ. ಕೈಕೆಳಗೆ ಎಷ್ಟು ಜನ ಇರುತ್ತಾರೆ ಎಂದ. ಒಂದು ಪ್ರಶ್ನೆಯೂ ತಪ್ಪಲಿಲ್ಲ, ಎಲ್ಲಿಯೂ ಮೌನ ಬೀಳಲಿಲ್ಲ. ಈ ಮಾತುಕತೆಯ ರೆಕಾರ್ಡು ಯಾರ ಮೇಜಿಗೆ ಹೋಗಿದ್ದರೂ ಪೂರ್ತಿ ಅಂಕ ಬೀಳುತ್ತಿತ್ತು. ಅವಳೂ ಎಲ್ಲದಕ್ಕೂ ಸರಿಯಾಗಿ ಉತ್ತರ ಕೊಟ್ಟಳು.

"ನಿಮಗೇನನ್ಸುತ್ತೆ?" ಎಂದಳು ಕೊನೆಗೆ.

"ನಿನ್ನಿಷ್ಟ," ಎಂದ. ಆ ಮಾತು ಹೊರಗೆ ಬಂದಾಗ ಅದರಲ್ಲಿ ಔದಾರ್ಯವಿರುತ್ತದೆ ಎಂದುಕೊಂಡಿದ್ದ.

"ಸರಿ," ಎಂದು ಅವಳು ಎದ್ದಳು. ಫೋನು ತೆಗೆದುಕೊಂಡು, ಅಕ್ಕನ ನಂಬರು ಒತ್ತಿ, ಬಾಲ್ಕನಿಗೆ ಹೋದಳು. ಹೋಗಿ ಗಾಜಿನ ಬಾಗಿಲನ್ನು ಹಿಂದಕ್ಕೆ ಎಳೆದು ಮುಚ್ಚಿದಳು. ಅವಳ ತುಟಿ ಅಲ್ಲಾಡುವುದು ಕಾಣುತ್ತಿತ್ತು. ಅವನು ಬಿಳಿ ಗುಂಡುಗಳನ್ನು ಕಿವಿಗೆ ಸಿಗಿಸಿ, ಎಡಗಡೆಯದನ್ನು ಒತ್ತಿ ಹಿಡಿದ. ಟಿಣ್ ಎಂದಿತು. ಗೋಡೆಯ ಗಡಿಯಾರ ಕೇಳಿಸಿತು, ಮೇಲಿನ ಮನೆಯ ನಲ್ಲಿ ಕೇಳಿಸಿತು, ತನ್ನ ಉಸಿರು ಕೇಳಿಸಿತು. ಗಾಜಿನಾಚೆಯದು ಒಂದಕ್ಷರವೂ ಕೇಳಿಸಲಿಲ್ಲ. ಎಷ್ಟು ದುಬಾರಿಯದ್ದಾದರೂ ಅದಕ್ಕೂ ಒಂದು ಮಿತಿ ಇರುತ್ತದೆ.

ತಿಂಗಳು ಮುಗಿಯುವ ಮೊದಲು ಅವಳು ಹೊರಟಳು. ಸಾಮಾನೆಲ್ಲ ಒಂದೇ ವ್ಯಾನಿನಲ್ಲಿ ಹಿಡಿಸಿತು. ಹೊರಲು ಅವನೇ ನೆರವಾದ, ಒಡೆಯುವ ವಸ್ತುಗಳಿಗೆ ಹಳೆಯ ಪೇಪರು ಸುತ್ತಿಕೊಟ್ಟ, ವ್ಯಾನು ಮೂಲೆ ತಿರುಗುವವರೆಗೂ ಕೈ ಬೀಸಿದ. ಕೇಳಿಸಿತ್ತು ಎಂದು ಅವನು ಅವಳಿಗೆ ಹೇಳಲಿಲ್ಲ. ಹೋಗಬೇಡ ಎಂದೂ ಹೇಳಲಿಲ್ಲ.